ನಾಳೆಯ ಬೆಲೆಗೊಂದು ಡಾಲರ್

ಕಂತು ೯

ಆ ಹಾಳೆಯಲ್ಲಿ ಒಂದು ಸಾಲು ಹೆಚ್ಚಿಗೆ ಇತ್ತು.

ವರ್ನಾ ಹಟನ್ ಅದನ್ನು ಮೂರನೆಯ ಸಲ ಓದಿದಳು. ಟ್ಯಾಡ್ ಗುರ್ಸ್ಕಿಯ ಅಡುಗೆಮನೆ, ಟ್ಯಾಡ್‌ನ ಮೇಜು, ಟ್ಯಾಡ್‌ನ ಕುರ್ಚಿ. ಟ್ಯಾಡ್ ಮಾತ್ರ ಇರಲಿಲ್ಲ. ನೆಲಮಾಳಿಗೆಯ ಮೆಟ್ಟಿಲಿನಿಂದ ಬಿದ್ದು ಮುದುಕ ಸತ್ತು ಒಂಬತ್ತು ದಿನವಾಗಿತ್ತು. ಪೊಲೀಸರು ಅಪಘಾತ ಎಂದು ಬರೆದುಕೊಂಡು ಹೋಗಿದ್ದರು.

ಬಿದ್ದವರ, ಸುಟ್ಟವರ, ಮುಳುಗಿದವರ ಸತ್ಯ ಹುಡುಕಿ ವಿಮಾ ಕಂಪನಿಗಳಿಗೆ ಕೊಡುವುದು ವರ್ನಾಳ ಹೊಟ್ಟೆಪಾಡು. ಈ ಸಲ ಅವಳನ್ನು ಯಾರೂ ಕೇಳಿರಲಿಲ್ಲ. ಆರು ವರ್ಷದಿಂದ ಅವಳು ಇದೇ ಮನೆಯ ಮೇಲಿನ ಅಂತಸ್ತಿನ ಬಾಡಿಗೆದಾರಳು, ಅಷ್ಟೆ.

ದಳ್ಳಾಳಿ ಕೊಳ್ಳುವವರಿಗೆ ಹಂಚಿದ್ದ ಆ ಹಾಳೆ ಅಚ್ಚುಕಟ್ಟಾಗಿ ಟೈಪ್ ಆಗಿತ್ತು. ಮುಚ್ಚಿಹೋದ ಹಳೆಯ ಶಾಲೆಯೊಂದನ್ನು ಹದಿನಾರು ಫ್ಲಾಟುಗಳಾಗಿ ಮಾಡಿರುವ ಕಟ್ಟಡ. ಕೊಳ್ಳುವ ಬೆಲೆ ಎಂಟು ಲಕ್ಷದ ನಲವತ್ತು ಸಾವಿರ ಡಾಲರ್. ಬಾಡಿಗೆ, ತೆರಿಗೆ, ಬಾಯ್ಲರ್, ಹಿಮ ತೆಗೆಯುವ ಖರ್ಚು. ನಡುವೆ ದಪ್ಪ ಅಕ್ಷರದಲ್ಲಿ, 'ವರ್ಷವರ್ಷದ ಬೆಲೆ ಏರಿಕೆ: ಸೊನ್ನೆ'. ಎಲ್ಲಕ್ಕಿಂತ ಕೆಳಗೆ ಸಣ್ಣ ಅಕ್ಷರದಲ್ಲಿ, 'ಹತ್ತನೆಯ ವರ್ಷ ಮಾರಾಟ: ಹದಿನಾಲ್ಕು ಲಕ್ಷ'. ಅದರಡಿಯಲ್ಲಿ, 'ಅಂದಾಜು: ಟಿ. ಗುರ್ಸ್ಕಿ'.

ಮೇಲೆ ಸೊನ್ನೆ, ಕೆಳಗೆ ಹದಿನಾಲ್ಕು ಲಕ್ಷ. ಸೊನ್ನೆ ನೋಡಿದವರು ಓದುವುದನ್ನು ಅಲ್ಲಿಗೇ ನಿಲ್ಲಿಸಿರಬೇಕು.

ಅವಳು ಬಿಸ್ಕತ್ತಿನ ತಗಡಿನ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಅದರ ತುಂಬ ಹೋಟೆಲಿನಲ್ಲಿ ತಟ್ಟೆಯ ಕೆಳಗೆ ಹಾಸುವ ಕಾಗದಗಳು. ಮೂವತ್ತು ವರ್ಷಗಳಲ್ಲಿ ಟ್ಯಾಡ್ ಕೊಂಡ ಮತ್ತು ಕೊಳ್ಳದೆ ಬಿಟ್ಟ ಎಲ್ಲ ಮನೆಗಳೂ ಅವುಗಳ ಬೆನ್ನಿನ ಮೇಲೆ ಪೆನ್ಸಿಲಿನಲ್ಲಿದ್ದವು. ಅವನು ಬರೆಯುವ ಏಳು ಅಂಕಿಯ ಹೊಟ್ಟೆಗೆ ಅಡ್ಡಗೆರೆ ಇರುತ್ತಿತ್ತು. ಅವನ ಅಪ್ಪ ಪೋಲೆಂಡಿನಿಂದ ತಂದ ಏಳು.

ಎಂಬತ್ತೆಂಟು ಕಾಗದ. ಒಂದರಲ್ಲೂ ಮಾರಾಟದ ಸಾಲು ಇರಲಿಲ್ಲ. ಏರಿಕೆ ಸೊನ್ನೆ ಎಂದು ಬರೆದ ಸಾಲೂ ಇರಲಿಲ್ಲ. ನಾಳೆಗೆ ಅವನು ಸೊನ್ನೆಯನ್ನೂ ಕೊಟ್ಟವನಲ್ಲ. ಜಾಗವನ್ನೇ ಕೊಟ್ಟಿರಲಿಲ್ಲ.

ಬಫಲೋ ಊರಿನ ಪೂರ್ವದ ಬೀದಿಗಳಲ್ಲಿ ಅದು ಎಲ್ಲರಿಗೂ ಗೊತ್ತಿದ್ದ ಕಟ್ಟಳೆ. ಶನಿವಾರ ಬೆಳಿಗ್ಗೆ ಬೆವ್‌ಳ ಹೋಟೆಲಿನ ಮೂಲೆಮೇಜಿನಲ್ಲಿ ಐದಾರು ಮಂದಿ ಸೇರುತ್ತಿದ್ದರು. ಒಂದೆರಡು ಮನೆ ಬಾಡಿಗೆಗೆ ಕೊಟ್ಟು ಬದುಕುವವರು, ಇನ್ನೊಂದನ್ನು ಕೊಳ್ಳೋಣವೇ ಎಂದು ಕೇಳುವವರು. ಮನೆ ಇವತ್ತಿನ ಬಾಡಿಗೆಯಲ್ಲೇ ಬದುಕಬೇಕು. 'ಇನ್ನು ಹತ್ತು ವರ್ಷಕ್ಕೆ ಬೆಲೆ ಏರಿದರೆ' ಎಂದು ಬಾಯಿ ತೆರೆದವರು ಗಾಜಿನ ಜಾಡಿಗೆ ಒಂದು ಡಾಲರ್ ಹಾಕಬೇಕು. ಜಾಡಿ ತುಂಬಿದಾಗ ಎಲ್ಲರಿಗೂ ತಿಂಡಿ. ಹತ್ತೊಂಬತ್ತು ವರ್ಷಗಳಲ್ಲಿ ಟ್ಯಾಡ್ ಒಂದು ಡಾಲರನ್ನೂ ಹಾಕಿರಲಿಲ್ಲ. ತಿಂಡಿಯನ್ನು ಮಾತ್ರ ತಪ್ಪಿಸಿಕೊಂಡಿರಲಿಲ್ಲ.

ಅವನ ಅಪ್ಪ ಉಕ್ಕಿನ ಕಾರ್ಖಾನೆಯ ಪಕ್ಕ ಮೂರು ಮನೆ ಕೊಂಡಿದ್ದ, ನಾಳೆಯನ್ನು ನೆಚ್ಚಿ. ಕಾರ್ಖಾನೆ ಮುಚ್ಚಿತು. ಹಳೆಯ ಕಾರಿನ ಬೆಲೆಗೂ ಆ ಮನೆಗಳನ್ನು ಯಾರೂ ಕೇಳಲಿಲ್ಲ. ಇದನ್ನು ಟ್ಯಾಡ್ ಒಮ್ಮೆ ಮಾತ್ರ ಹೇಳಿದ್ದ, ಆಲೂಗಡ್ಡೆ ಸುಲಿಯುತ್ತಾ, ತಲೆ ಎತ್ತದೆ.

ಅಂಥವನ ಹೆಸರಿನಲ್ಲಿ ಹದಿನಾಲ್ಕು ಲಕ್ಷದ ನಾಳೆ.

ವರ್ನಾ ಎದ್ದು ಪಾತ್ರೆ ತೊಳೆಯುವ ಕಟ್ಟೆಯ ಮುಂದೆ ನಿಂತಳು. ಮೊದಲ ದಿನ ಕಂಡದ್ದು ಹಾಗೆಯೇ ಇತ್ತು. ಮಡಿಸಿದ ಟವೆಲ್, ಅದರ ಮೇಲೆ ಬೋರಲು ಹಾಕಿದ ಎರಡು ಕಪ್. ಟ್ಯಾಡ್ ಕಪ್ಪನ್ನು ತೊಳೆಯುವುದೇ ಸಂಜೆಗೆ. ತೊಳೆದರೂ ಗೋಡೆಯ ಕೊಕ್ಕೆಗೆ ತೂಗುಹಾಕುತ್ತಿದ್ದ. ಅವನು ಬಿದ್ದದ್ದು ಮಂಗಳವಾರ ಮಧ್ಯಾಹ್ನದ ಹೊತ್ತಿಗೆ. ಎರಡು ಕಪ್ ಯಾರವು ಎಂದು ಪೊಲೀಸರು ಕೇಳಲಿಲ್ಲ. ಮನೆಯಲ್ಲಿ ಎರಡು ಕಪ್ ಇರುವುದು ಯಾರಿಗೂ ವಿಚಿತ್ರವಲ್ಲ, ಒಂಟಿಯಾಗಿ ಇರುವವರನ್ನು ಬಿಟ್ಟು.

ತಲೆಯ ಮೇಲೆ ಚಾವಣಿಯಲ್ಲಿ ಬಿಸಿಗಾಳಿ ಮೇಲಕ್ಕೆ ಹೋಗುವ ಕಬ್ಬಿಣದ ಜಾಲರಿ. ಅದೇ ಜಾಲರಿ ಮೇಲೆ ಅವಳ ಅಡುಗೆಮನೆಯ ನೆಲದಲ್ಲಿ ತೆರೆಯುತ್ತಿತ್ತು. ಆರು ವರ್ಷ ಆ ಜಾಲರಿಯಿಂದ ಅವನ ಕೆಮ್ಮು, ರೇಡಿಯೋ, ಈರುಳ್ಳಿ ಹುರಿದ ವಾಸನೆ ಬರುತ್ತಿತ್ತು. ಬೆಳಿಗ್ಗೆ ಏಳಕ್ಕೆ ಅವನು ಪೊರಕೆಯ ಹಿಡಿಯಿಂದ ಅದನ್ನು ಎರಡು ಸಲ ಬಡಿದು, "ಏ ಮೇಲ್ಮನೆ, ಕಾಫಿ ಆಗಿದೆ ಬಾ" ಎನ್ನುತ್ತಿದ್ದ. ಹೊರಗೆ ಯಾರ ಮುಂದೆಯೂ ಅವನು ಅವಳನ್ನು ಹಾಗೆ ಕರೆದವನಲ್ಲ. ಹೊರಗೆ ಅವಳು ಮಿಸ್ ಹಟನ್.

ಒಂಬತ್ತು ದಿನದಿಂದ ಅವಳಿಗೆ ಏಳಕ್ಕೆ ಎಚ್ಚರವಾಗುತ್ತಿತ್ತು. ಎಚ್ಚರವಾಗಿ ಸುಮ್ಮನೆ ಮಲಗಿರುತ್ತಿದ್ದಳು.

ಅವಳು ಬಾಗಿಲಿಗೆ ಬೀಗ ಹಾಕಿದಳು. ಆ ಬೀಗಕ್ಕೆ ಎರಡೇ ಕೀಲಿಗಳೆಂದು ಅವಳು ನಂಬಿದ್ದಳು. ಒಂದು ಅವಳ ಕೈಯಲ್ಲಿತ್ತು. ಟ್ಯಾಡ್‌ನದು ಪೊಲೀಸ್ ಠಾಣೆಯ ಲಕೋಟೆಯಲ್ಲಿತ್ತು.

*

ನಾಳೆ ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ರುಜು. ಶನಿವಾರದ ಮೇಜಿನ ಐದು ಮಂದಿ ಸೇರಿ ಆ ಶಾಲೆಯನ್ನು ಕೊಳ್ಳುವವರಿದ್ದರು. ನಾಲ್ವರದು ಉಳಿತಾಯದ ಹಣ. ಐದನೆಯವಳಾದ ಲೊರೆಟಾ ಬನಾಸ್‌ಳ ಹತ್ತಿರ ಉಳಿತಾಯ ಇರಲಿಲ್ಲ. ಅವಳು ತಾನಿರುವ ಮನೆಯನ್ನೇ ಅಡವಿಡುತ್ತಿದ್ದಳು.

ನಿನ್ನೆ ವರ್ನಾ ಅವಳ ಮನೆಗೆ ಹೋಗಿ ಎರಡು ಗಂಟೆ ಕೂತಿದ್ದಳು. ಎಪ್ಪತ್ತೊಂದರ ಲೊರೆಟಾ ಮೂವತ್ತು ವರ್ಷ ಶಾಲಾ ಬಸ್ಸು ಓಡಿಸಿದವಳು. ಮಕ್ಕಳನ್ನು ಇಳಿಸುತ್ತಿದ್ದದ್ದು ಇದೇ ಶಾಲೆಯ ಬಾಗಿಲಿಗೆ. ಗಂಡ ಸ್ಟಾನ್ ಹೋದ ಮೇಲೆ ಅವನ ಕಿತ್ತಳೆ ಬಣ್ಣದ ಬೇಟೆಯ ಕೋಟನ್ನು ಅವಳೇ ತೊಡುತ್ತಿದ್ದಳು. ಕೋಟು ಮೊಣಕಾಲಿಗೆ ಬರುತ್ತಿತ್ತು.

ಒಂದು ವಾರ ತಡೆ ಎಂದು ವರ್ನಾ ಕೇಳಿದಳು. ಟ್ಯಾಡ್ ಸೊನ್ನೆ ಅಂದಿದ್ದಾನೆ, ಸೊನ್ನೆಯಲ್ಲೂ ಲಾಭ ಬರುತ್ತದೆ ಅಂದಮೇಲೆ ನೀನ್ಯಾರು ತಡಿ ಅನ್ನೋಕೆ ಎಂದು ಲೊರೆಟಾ ನಕ್ಕಳು. ಟ್ಯಾಡ್‌ನನ್ನು ಕಡೆಯ ಸಲ ನೋಡಿದ್ದು ಕ್ರಿಸ್‌ಮಸ್ ದಿನ ಚರ್ಚಿನಲ್ಲಿ, ಆಮೇಲೆ ಮೊಣಕಾಲು ನೋವು, ಹಿಮ, ಶನಿವಾರದ ಮೇಜಿಗೂ ಹೋಗಲಾಗಿಲ್ಲ ಎಂದಳು. ಮಾತಾಡುತ್ತಲೇ ಪಿಯೆರೋಗಿ ಎಂಬ ಪೋಲಿಷ್ ಕಡುಬು ಬಡಿಸಿದಳು, ತಟ್ಟೆ ತೆಗೆದಳು, ಕಪ್ ತೊಳೆದಳು, ಟವೆಲ್ ಮಡಿಸಿ ಅದರ ಮೇಲೆ ಕಪ್ಪುಗಳನ್ನು ಬೋರಲು ಹಾಕಿದಳು. ಹೊರಡುವಾಗ ಬಾಗಿಲಿನವರೆಗೂ ಬಂದು, ಇನ್ನೂ ಸ್ವಲ್ಪ ಹೊತ್ತು ಇರಬಹುದಿತ್ತು ಎಂದಳು.

ವರ್ನಾ ಉಳಿಯಲಿಲ್ಲ. ಇನ್ನೊಬ್ಬರ ಖಾಲಿ ಮನೆಯಲ್ಲಿ ಕೂರುವ ಶಕ್ತಿ ಅವಳಿಗಿರಲಿಲ್ಲ. ತನ್ನದೇ ಒಂದಿತ್ತು.

*

ರಾಯ್ಸ್ ಪೆಲಮ್ ಆ ಶಾಲೆಯ ಮೊದಲ ಮಹಡಿಯ ಕಾರಿಡಾರಿನಲ್ಲಿ ಸಿಕ್ಕಿದ. ಮನೆ ಮಾರಿಸುವ ದಳ್ಳಾಳಿ. ಐವತ್ತರ ವಯಸ್ಸು, ಒಳ್ಳೆಯ ಬೂಟು, ಕೈಯಲ್ಲಿ ಕಾಗದದ ಲೋಟದ ಕಾಫಿ. ಗೋಡೆಗೆ ಮಕ್ಕಳ ಎತ್ತರಕ್ಕೆ ಹಾಕಿದ್ದ ಕೋಟಿನ ಕೊಕ್ಕೆಗಳು ಹಾಗೆಯೇ ಇದ್ದವು. ಅವುಗಳ ಮೇಲೆ ಹೊಸ ಬಣ್ಣ ಹೊಡೆದಿದ್ದರು.

"ಈ ಹಾಳೆ ಟ್ಯಾಡ್ ಬರೆದದ್ದಲ್ಲ ರಾಯ್ಸ್."

"ಬೆಳಬೆಳಿಗ್ಗೆನೇ ಶುರು ಮಾಡಿದ್ಯಾ ಪತ್ತೇದಾರಮ್ಮ. ವಿಮೆಯವರು ದುಡ್ಡು ಕೊಡ್ತಿದ್ದಾರಾ, ಇಲ್ಲ ಪುಕ್ಕಟೆ ಸೇವೆನಾ?"

"ಪುಕ್ಕಟೆ."

"ಹಾಗಾದ್ರೆ ಸ್ವಲ್ಪ ಹೆದರಬೇಕಾದ್ದೇ."

ಅವಳು ಹಾಳೆಯನ್ನು ಕಿಟಕಿಯ ಕಟ್ಟೆಯ ಮೇಲೆ ಹರಡಿ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. ಈ ಸಾಲನ್ನು ಹೊಡೆದುಹಾಕಿದರೆ ಈ ಕಟ್ಟಡ ವರ್ಷಕ್ಕೆ ಹನ್ನೊಂದು ಸಾವಿರ ತಿನ್ನುತ್ತದೆ ಎಂದಳು. ಕೊಂಡವರು ತಿಂಗಳು ತಿಂಗಳು ಕೈಯಿಂದ ತುಂಬಿಕೊಡಬೇಕು, ಹತ್ತು ವರ್ಷ. ಲೊರೆಟಾಳ ಪಿಂಚಣಿಯಲ್ಲಿ ಅದು ಎರಡು ಚಳಿಗಾಲ ದಾಟುವುದಿಲ್ಲ. ಹತ್ತನೆಯ ವರ್ಷದ ಹದಿನಾಲ್ಕು ಲಕ್ಷ ಬರುವ ಹೊತ್ತಿಗೆ ಅವಳಿಗೆ ಮನೆ ಇರುವುದಿಲ್ಲ.

ರಾಯ್ಸ್ ಕಾಫಿ ಕುಡಿದ. ಹೊರಗೆ ಸರೋವರದ ಕಡೆಯಿಂದ ಹಿಮ ಅಡ್ಡಡ್ಡವಾಗಿ ಬೀಸುತ್ತಿತ್ತು.

"ಒಂದು ಕೇಳ್ತೀನಿ, ಸಿಟ್ಟಾಗಬೇಡ. ಟ್ಯಾಡ್‌ಗೆ ಎಷ್ಟು ಮನೆ?"

"ಹದಿನಾಲ್ಕು."

"ಒಂದೊಂದನ್ನೂ ಮೂವತ್ತು ಸಾವಿರಕ್ಕೆ ತಗೊಂಡ. ಇವತ್ತು ಒಂದೊಂದೂ ಎರಡು ಲಕ್ಷಕ್ಕೆ ಹೋಗ್ತವೆ. ಬಾಡಿಗೆಯಿಂದ ಬಂದದ್ದು ಅವನ ಬ್ರೆಡ್ಡು, ಅವನ ಬೂಟು. ಅವನು ಶ್ರೀಮಂತ ಆದದ್ದು ಯಾವ ಸಾಲು ಬರೀತಿರ್ಲಿಲ್ವೋ ಆ ಸಾಲಿಂದ. ನಾಳೆ ಏನೂ ಏರಲ್ಲ ಅನ್ನೋದೂ ಭವಿಷ್ಯ ನುಡಿದ ಹಾಗೇ ಕಣಮ್ಮ. ಏರುತ್ತೆ ಅನ್ನೋನು ಜೋಯಿಸ, ಏರಲ್ಲ ಅನ್ನೋನು ಸಂತನಾ?"

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಅದೇ ತೊಂದರೆ.

"ಬಂದರೆ ಬರಲಿ," ಎಂದಳು. "ಟ್ಯಾಡ್ ಬೇಡ ಅಂದಿರಲಿಲ್ಲ. ಬರೋವರೆಗೂ ಬದುಕಿರಬೇಕಲ್ಲ, ಅದನ್ನು ಲೆಕ್ಕ ಹಾಕು ಅಂತಿದ್ದ. ಅವನಿಗೆ ಮನೆಗಳ ಬಾಡಿಗೆ ಕೈಗೆ ಬರ್ತಿತ್ತು, ಅವನು ಕಾಯಬಹುದಿತ್ತು. ಲೊರೆಟಾ ಕಾಯೋಕಾಗಲ್ಲ. ಟ್ಯಾಡ್ ಹೆಸರು ತೆಗೆದು ನಿನ್ನ ಹೆಸರು ಹಾಕಿ ಕೊಡು. ಆಗ ಎಷ್ಟು ಜನ ರುಜು ಹಾಕ್ತಾರೆ ನೋಡೋಣ."

"ಒಬ್ಬರೂ ಹಾಕಲ್ಲ," ಎಂದ ರಾಯ್ಸ್. ಅವನ ಮುಖದಲ್ಲಿ ಮೊದಲ ಸಲ ದಣಿವು ಕಂಡಿತು. "ಹಾಳೆ ಟೈಪ್ ಮಾಡಿದ್ದು ನಾನೇ. ಒಪ್ಕೋತೀನಿ. ಟ್ಯಾಡ್ ಅಂದ್ರೆ ಜನ ಸೊನ್ನೆ ಹುಡುಕ್ತಾರೆ, ಅದಕ್ಕೆ ಸೊನ್ನೆ ಹಾಕಿದೆ. ಅದು ನನ್ನ ತಪ್ಪು. ಆದರೆ ಆ ಕೊನೇ ಸಾಲು ನಂದಲ್ಲ."

ಅವನು ಚೀಲದ ಒಳಜೇಬಿನಿಂದ ನಾಲ್ಕಾಗಿ ಮಡಿಸಿದ ಕಾಗದ ತೆಗೆದು ಅವಳ ಕೈಗಿಟ್ಟ.

ಬೆವ್‌ಳ ಹೋಟೆಲಿನ ಕಾಗದ. ಮೂಲೆಯಲ್ಲಿ ಕಪ್ಪಿನ ಕಂದು ಉಂಗುರ. ಬೆನ್ನಿನ ಮೇಲೆ ಒತ್ತಿ ಬರೆದ ಪೆನ್ಸಿಲ್. ಬಾಡಿಗೆ, ತೆರಿಗೆ, ಬಾಯ್ಲರ್. ಏಳರ ಹೊಟ್ಟೆಗೆ ಅಡ್ಡಗೆರೆ. ಏರಿಕೆಯ ಸಾಲು ಎಲ್ಲೂ ಇಲ್ಲ. ಕೆಳಗೆ ಅದೇ ಕೈಯಲ್ಲಿ, ಸ್ವಲ್ಪ ನಡುಗಿದ ಅಕ್ಷರದಲ್ಲಿ, 'ಹತ್ತನೇ ವರ್ಷ ಮಾರಿದರೆ 14 ಲಕ್ಷ'.

ವರ್ನಾ ಅದನ್ನು ಬೆಳಕಿಗೆ ಹಿಡಿದಳು. ಅಕ್ಷರದ ಒತ್ತು ಕಾಗದದ ಮುಂಬದಿಗೆ ಮೂಡಿತ್ತು. ಎಂಬತ್ತೆಂಟು ಕಾಗದ ನೋಡಿ ಬಂದ ಕಣ್ಣಿಗೆ ಅನುಮಾನ ಉಳಿಯಲಿಲ್ಲ. ಬೆಳಗಿನಿಂದ ಅವಳು ಸುಳ್ಳು ಎಂದು ಹಿಡಿದದ್ದು ನಿಜವಾಗಿತ್ತು. ಟ್ಯಾಡ್‌ನದೇ ಎಂದು ಊರು ನಂಬಿದ್ದ ಸೊನ್ನೆ ಸುಳ್ಳಾಗಿತ್ತು.

"ಯಾವಾಗ ಕೊಟ್ಟ?"

"ಅವನು ಸತ್ತ ದಿನ. ಮಂಗಳವಾರ ಬೆಳಿಗ್ಗೆ ಹತ್ತಕ್ಕೆ. ಆಫೀಸಿಗೆ ಬಂದ, ಕೂರಲೂ ಇಲ್ಲ. ನಾನು ನಕ್ಕೆ. ಟ್ಯಾಡ್, ಇದಕ್ಕೆ ಜಾಡಿಗೆ ಡಾಲರ್ ಹಾಕಬೇಕಲ್ಲಪ್ಪ ಅಂದೆ. ಹಾಕಿ ಆಯ್ತು ಅಂದ."

"ನಗ್ತಾ ಅಂದನಾ?"

ರಾಯ್ಸ್ ಯೋಚಿಸಿದ. "ಇಲ್ಲ. ಬಾಯಿ ತಪ್ಪಿ ಒಬ್ಬರಿಗೆ ಮಾತು ಕೊಟ್ಟು ಬಂದೋನ ಥರ ಇದ್ದ. ಪೊಲೀಸರಿಗೆ ಹೇಳಲಿಲ್ಲ, ನಿಜ. ಹೇಳಿದ್ರೆ ಶುಕ್ರವಾರ ತಪ್ಪುತ್ತಿತ್ತು. ನನಗೂ ಮನೆ ಕಂತು ಇದೆ ವರ್ನಾ."

ಕಾಗದವನ್ನು ಅವನು ವಾಪಸು ಕೇಳಲಿಲ್ಲ.

*

ಊಟದ ಗದ್ದಲ ಮುಗಿದ ಹೊತ್ತು. ಹೋಟೆಲಿನಲ್ಲಿ ಒಬ್ಬ ಮುದುಕ ಮಾತ್ರ ಉಪ್ಪಿನ ಹರಳು ಉದುರಿಸಿದ ಬನ್ನು ಕಚ್ಚುತ್ತಾ ಪತ್ರಿಕೆ ಓದುತ್ತಿದ್ದ. ಬೆವ್ ಗಲ್ಲಾಪೆಟ್ಟಿಗೆಯ ಹಿಂದೆ ಚಮಚಗಳನ್ನು ಒರೆಸುತ್ತಿದ್ದಳು. ಮೂಲೆಮೇಜಿನ ಮೇಲೆ ಜಾಡಿ ಇತ್ತು. ಆ ಮೇಜಿಗೆ ಯಾರನ್ನೂ ಕೂರಿಸುತ್ತಿಲ್ಲ ಎಂದು ಅವಳೇ ಹೇಳಿದಳು. ಕೂರಿಸಬಾರದು ಎಂದೇನೂ ಇಲ್ಲ, ಯಾರೂ ಕೂರುತ್ತಿಲ್ಲ.

ವರ್ನಾ ಕೇಳಿದ್ದು ಒಂದೇ ಪ್ರಶ್ನೆ. ಟ್ಯಾಡ್ ಜಾಡಿಗೆ ಡಾಲರ್ ಹಾಕಿದನೇ?

ಬೆವ್ ಚಮಚ ಕೆಳಗಿಟ್ಟಳು.

"ಒಂದಲ್ಲ ಕಣೇ, ಎರಡು. ಅವನು ಸತ್ತ ಆ ಮಂಗಳವಾರ, ಬಾಗಿಲು ತೆಗೀತಿದ್ದ ಹಾಗೇ ಬಂದ್ರು. ಒಂದು ನಂದು, ಒಂದು ಇವಳದು ಅಂದ. ಇವಳು ಹೇಳಿದಳು, ನಾನು ಬರೆದೆ, ಇಬ್ಬರೂ ತಪ್ಪು ಮಾಡಿದ್ವಿ ಅಂದ. ನಾನು ಹತ್ತೊಂಬತ್ತು ವರ್ಷದಿಂದ ಈ ದಿನಕ್ಕೆ ಕಾಯ್ತಿದ್ದೆ ಅಂತ ತಮಾಷೆ ಮಾಡಿದೆ. ಅವನಿಗೆ ನಗು ಬರಲಿಲ್ಲ. ಅವಳಿಗೆ ಬಂತು."

"ಯಾರಿಗೆ ಬೆವ್?"

"ಇನ್ಯಾರಿಗೆ. ಲೊರೆಟಾಗೆ. ಆ ಕಿತ್ತಳೆ ಕೋಟು ಹಾಕ್ಕೊಂಡು, ಅವನ ತೋಳು ಹಿಡ್ಕೊಂಡು ಬಂದಳಲ್ಲ. ಒಂದು ವರ್ಷದಿಂದ ಮಂಗಳವಾರ ಮಂಗಳವಾರ ಬರ್ತಿದ್ರು. ನಿನಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ. ಅವನ ತಲೆಮೇಲೇ ಇರೋಳು ನೀನು."

ವರ್ನಾಳಿಗೆ ಗೊತ್ತಿರಲಿಲ್ಲ. ಮಂಗಳವಾರ ಅವಳು ಬೆಳಗಾಗುವ ಮುಂಚೆಯೇ ರಾಚೆಸ್ಟರ್‌ನ ಕಂಪನಿಗೆ ವರದಿ ಕೊಡಲು ಹೋಗುತ್ತಿದ್ದಳು, ಕತ್ತಲಾದ ಮೇಲೆ ಬರುತ್ತಿದ್ದಳು. ವಾರದ ಆರು ದಿನದ ಕೆಮ್ಮು ಅವಳಿಗೆ ಬಾಯಿಪಾಠವಾಗಿತ್ತು. ಏಳನೆಯ ದಿನವನ್ನು ಟ್ಯಾಡ್ ಬೇರೆಯವರಿಗೆ ಇಟ್ಟಿದ್ದ.

ಅವನ ಒಂಟಿತನ ತನ್ನಷ್ಟೇ ಎಂದು ಆರು ವರ್ಷ ಅವಳು ಅಳೆದು ಇಟ್ಟುಕೊಂಡಿದ್ದಳು. ಆ ಅಳತೆ ತಪ್ಪಾಗಿತ್ತು.

ಕಾರಿನಲ್ಲಿ ಕೂತು ಇಂಜಿನ್ ಬಿಸಿಯಾಗಲೆಂದು ಕಾಯುವಾಗ ಮಡಿಸಿದ ಟವೆಲ್ ನೆನಪಾಯಿತು. ಒಂದಲ್ಲ, ಎರಡು ಟವೆಲ್. ಒಂದು ಟ್ಯಾಡ್‌ನ ಕಟ್ಟೆಯ ಮೇಲೆ, ಇನ್ನೊಂದು ನಿನ್ನೆ ಲೊರೆಟಾಳ ಕಟ್ಟೆಯ ಮೇಲೆ. ಅದೇ ಮಡಿಕೆ, ಅದೇ ಬೋರಲು ಕಪ್ಪುಗಳು.

ಕ್ರಿಸ್‌ಮಸ್ ಆದಮೇಲೆ ಅವನನ್ನು ನೋಡೇ ಇಲ್ಲ ಎಂದಿದ್ದಳು ಲೊರೆಟಾ.

ಅವಳ ಮನೆ ಕೈಬಿಟ್ಟು ಹೋಗದಿರಲೆಂದು ನಾಳೆಯ ರುಜುವನ್ನು ತಡೆಯುವುದಕ್ಕೆ ಹೊರಟಿದ್ದಳು ವರ್ನಾ. ಈಗಲೂ ತಡೆಯಬೇಕಾಗಿತ್ತು. ಯಾಕೆ ಎಂಬುದು ಮಾತ್ರ ಬೇರೆಯಾಗಿತ್ತು.

*

ಮೂರು ಗಂಟೆಗೆ ಮನೆ ತಲುಪಿದಳು. ಬೀದಿಯಲ್ಲಿ ಹಿಮ ತೆಗೆಯುವ ಗಾಡಿ ಆಗಷ್ಟೇ ಹೋಗಿತ್ತು. ಅದು ಬಿಟ್ಟುಹೋದ ದಿಬ್ಬವನ್ನು ದಾಟಿ, ಪಕ್ಕದ ಬಾಗಿಲಿನಿಂದ ತನ್ನ ಮೆಟ್ಟಿಲು ಹತ್ತಿದಳು. ಕೋಟು ಬಿಚ್ಚಲಿಲ್ಲ. ಪೆನ್ಸಿಲಿನ ಕಾಗದವನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿ, ಆ ಕೊನೆಯ ಸಾಲನ್ನು ನೋಡುತ್ತಾ ನಿಂತಳು. ನಡುಗಿದ ಅಕ್ಷರ. ಮುಪ್ಪಿಗೆ ನಡುಗಿದ್ದೋ, ಪಕ್ಕದಲ್ಲಿ ಕೂತವರಿಗೆ ನಡುಗಿದ್ದೋ.

ಎಪ್ಪತ್ತನಾಲ್ಕರ ಮನುಷ್ಯ ಹತ್ತನೆಯ ವರ್ಷಕ್ಕೆ ಒಂದು ಸಾಲು ಬರೆದಿದ್ದ. ಆ ದಿನ ತಾನೂ ಇರುತ್ತೇನೆ ಎಂದು ಯಾರೋ ಅವನನ್ನು ನಂಬಿಸಿದ್ದರು.

ಕೆಳಗೆ ನಲ್ಲಿ ತೆರೆದ ಸದ್ದಾಯಿತು.

ವರ್ನಾಳ ಎದೆ ಹಗುರಾಯಿತು. ಒಂದು ಕ್ಷಣ, ಅಷ್ಟೆ. ಟ್ಯಾಡ್ ಬಂದ ಎಂದುಕೊಂಡಳು. ಹಾಗೆ ಅಂದುಕೊಂಡದ್ದು ತನಗೆ ತಿಳಿಯುವ ಮೊದಲೇ ಜಾಲರಿಯ ಕಡೆ ಎರಡು ಹೆಜ್ಜೆ ಇಟ್ಟಿದ್ದಳು.

ಅಲ್ಲಿ ನಿಂತಳು. ಬೀಗ ತಾನೇ ಹಾಕಿದ್ದಳು. ಕೀಲಿ ಕೋಟಿನ ಜೇಬಿನಲ್ಲಿತ್ತು. ಅದನ್ನು ಮುಟ್ಟಿ ನೋಡಿಕೊಂಡಳು.

ನಲ್ಲಿ ನಿಂತಿತು. ಕುರ್ಚಿ ಎಳೆದ ಸದ್ದು. ಕಾಫಿಯ ವಾಸನೆ ನಿಧಾನವಾಗಿ ಮೇಲೆ ಬಂತು. ಜಾಲರಿಯ ಸಂದುಗಳ ಕೆಳಗೆ ಕಿತ್ತಳೆ ಬಣ್ಣದ್ದೇನೋ ಅಲುಗಿತು.

ಪೊರಕೆಯ ಹಿಡಿ ಜಾಲರಿಗೆ ಎರಡು ಸಲ ಬಡಿಯಿತು.

"ಏ ಮೇಲ್ಮನೆ," ಎಂದಿತು ಹೆಂಗಸಿನ ದನಿ. "ಕಾಫಿ ಆಗಿದೆ ಬಾ."